ಹಳೆಯ ಕಾರಿಗೆ ಬೇರೆ ಮಾದರಿಯ ಪೆಟ್ರೋಲು ಟ್ಯಾಂಕು: ಅದರೊಳಗಿನ ಭೌತಶಾಸ್ತ್ರ

ಮೋಟಾರು ಕಾರಿನ ಅಂಗಗಳಲ್ಲಿ ಪೆಟ್ರೋಲು ಟ್ಯಾಂಕಿನಷ್ಟು ಅಲಕ್ಷ್ಯಕ್ಕೆ ಗುರಿಯಾದುದು ಬೇರೊಂದಿಲ್ಲ. ಎಂಜಿನಿನ ಸದ್ದು ತುಸು ಬದಲಾದರೂ ಯಜಮಾನನ ಕಿವಿ ನಿಮಿರುತ್ತದೆ; ಟೈರು ಸವೆದರೆ ಕಣ್ಣಿಗೆ ಬೀಳುತ್ತದೆ. ಟ್ಯಾಂಕಾದರೋ ಗಾಡಿಯ ಹಿಂಬದಿಯಲ್ಲಿ, ತಗಡಿನ ಮರೆಯಲ್ಲಿ ವರ್ಷಾನುವರ್ಷ ಮೌನವಾಗಿ ಬಿದ್ದಿರುತ್ತದೆ. ಅದು ತುಕ್ಕು ಹಿಡಿದು, ತೂತಾಗಿ, ಪೆಟ್ರೋಲಿನ ವಾಸನೆ ಮೂಗಿಗೆ ಬಡಿದಾಗ ಮಾತ್ರ ಅದರ ನೆನಪಾಗುವುದು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮುಂತಾದ ಊರುಗಳಲ್ಲಿ ಹಳೆಯ ಕಾರುಗಳು ಇಂದಿಗೂ ಓಡಾಡುತ್ತಿವೆ. ಅವುಗಳಲ್ಲಿ ಮಾರುತಿ ೮೦೦ ಎಲ್ಲರಿಗೂ ಪರಿಚಿತವಾದುದು. ೧೯೮೩ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರಿನ ಆಕಾರ ೧೯೮೬ರಲ್ಲಿ ಬದಲಾಯಿತು. ಸುಮಾರು ೨೦೦೦ದ ಹೊತ್ತಿಗೆ ಕಾರ್ಬುರೇಟರು ಹೋಗಿ, ಇಂಧನವನ್ನು ಚಿಮ್ಮಿಸುವ ಏರ್ಪಾಡು ಬಂದಿತು. ೨೦೧೪ರ ಜನವರಿಯಲ್ಲಿ ಅದರ ತಯಾರಿಕೆಯೇ ನಿಂತಿತು. ೧೯೫೦ರ ದಶಕದ ಕೊನೆಯಿಂದ ತಯಾರಾಗುತ್ತಿದ್ದ ಅಂಬಾಸಿಡರ್ ಕಾರೂ ಅದೇ ವರ್ಷ ನಿಂತುಹೋಯಿತು. ತಯಾರಿಕೆ ನಿಂತ ಕಾರಿನ ಟ್ಯಾಂಕು ಹಾಳಾದಾಗ ಅದೇ ಮಾದರಿಯ ಹೊಸ ಟ್ಯಾಂಕು ಎಲ್ಲ ಕಾಲದಲ್ಲಿಯೂ ಸಿಕ್ಕುವುದಿಲ್ಲ. ಆಗ ಗುಜರಿ ಅಂಗಡಿಯಿಂದ ಅದೇ ಕಾರಿನ ಹಿಂದಿನ ಅಥವಾ ಮುಂದಿನ ಮಾದರಿಯ ಟ್ಯಾಂಕನ್ನು ತಂದು ಕೂರಿಸುವ ಆಲೋಚನೆ ಹುಟ್ಟುವುದು ಸಹಜ. ಬೋಲ್ಟುಗಳ ತೂತು ಕೂಡಿಬಂದರೆ ಕೆಲಸ ಮುಗಿಯಿತೆಂದೇ ಹಲವರ ಭಾವನೆ.

ಆದರೆ ಬೋಲ್ಟಿಗೆ ಒಪ್ಪಿದ ಟ್ಯಾಂಕು ಎಂಜಿನಿಗೂ ಒಪ್ಪಬೇಕೆಂಬ ನಿಯಮವಿಲ್ಲ. ಟ್ಯಾಂಕು ಕೊಡದಂತೆ, ಹಂಡೆಯಂತೆ ಬರಿಯ ಪಾತ್ರೆಯಲ್ಲ. ಅದು ಉಸಿರಾಡುತ್ತದೆ; ಪಂಪಿನೊಡನೆ ಸಂಬಂಧವಿಟ್ಟುಕೊಂಡಿದೆ; ತನ್ನಲ್ಲಿ ಎಷ್ಟು ಉಳಿದಿದೆಯೆಂಬುದನ್ನು ಚಾಲಕನಿಗೆ ತಿಳಿಸುತ್ತದೆ; ಗಾಡಿ ತಿರುಗಿದಾಗ, ನಿಂತಾಗ ಒಳಗಿನ ದ್ರವವನ್ನು ಹತೋಟಿಯಲ್ಲಿಡುತ್ತದೆ. ಈ ಒಂದೊಂದು ಕೆಲಸದ ಹಿಂದೆಯೂ ಪ್ರೌಢಶಾಲೆಯ ಮತ್ತು ಕಾಲೇಜಿನ ವಿದ್ಯಾರ್ಥಿಗಳು ಪುಸ್ತಕದಲ್ಲಿ ಓದಿರುವ ಒಂದೊಂದು ನಿಯಮ ಅಡಗಿದೆ. ಅವುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

೧. ಟ್ಯಾಂಕಿನ ಉಸಿರಾಟ

ಟ್ಯಾಂಕಿನಿಂದ ಒಂದು ಲೀಟರು ಪೆಟ್ರೋಲು ಹೊರಕ್ಕೆ ಹೋದರೆ ಅದರ ಜಾಗಕ್ಕೆ ಒಂದು ಲೀಟರು ಗಾಳಿ ಒಳಕ್ಕೆ ಬರಬೇಕು. ಡಬ್ಬಿಯ ಎಣ್ಣೆಯನ್ನು ಸುರಿಯುವಾಗ ಎರಡು ಕಡೆ ತೂತು ಮಾಡುವುದು ಈ ಕಾರಣಕ್ಕಾಗಿಯೇ. ಹಳೆಯ ಕಾರುಗಳಲ್ಲಿ ಈ ಗಾಳಿಯ ದಾರಿ ಮುಚ್ಚಳದಲ್ಲಿಯೋ, ಟ್ಯಾಂಕಿನ ಮೇಲ್ಭಾಗದ ಸಣ್ಣ ಕೊಳವೆಯಲ್ಲಿಯೋ ಇರುತ್ತದೆ. ಈಚಿನ ಕಾರುಗಳಲ್ಲಿ ಟ್ಯಾಂಕಿನ ಆವಿ ನೇರವಾಗಿ ಹೊರಗಾಳಿಗೆ ಸೇರಕೂಡದೆಂದು, ಅದನ್ನು ಇದ್ದಲಿನ ಪುಡಿ ತುಂಬಿದ ಒಂದು ಡಬ್ಬಿಗೆ ಹಾಯಿಸುತ್ತಾರೆ. ಇದ್ದಲು ಹೀರಿಕೊಂಡ ಆವಿಯನ್ನು ಎಂಜಿನು ಓಡುವಾಗ ಎಳೆದುಕೊಂಡು ಸುಡುತ್ತದೆ. ಅಂಥ ಟ್ಯಾಂಕಿಗೆ ಗಾಳಿಯಾಡದ ಮುಚ್ಚಳವಿರಬಹುದು. ಈಗ ಈಚಿನ ಟ್ಯಾಂಕನ್ನು ಹಳೆಯ ಕಾರಿಗೆ ಕೂರಿಸಿ, ‘ಈ ಕೊಳವೆಗೆ ಇಲ್ಲಿ ಕೆಲಸವಿಲ್ಲ’ ಎಂದು ಅದರ ಬಾಯಿಯನ್ನು ಅಡೆದರೆ ಏನಾಗುತ್ತದೆ?

ಲೆಕ್ಕ ಹಾಕಿ ನೋಡೋಣ. ಹಾಸನ ಸಮುದ್ರಮಟ್ಟದಿಂದ ಸುಮಾರು ೯೫೦ ಮೀಟರು ಎತ್ತರದಲ್ಲಿದೆ. ಆದುದರಿಂದ ಅಲ್ಲಿನ ವಾಯುಮಂಡಲದ ಒತ್ತಡ ಸಮುದ್ರಮಟ್ಟದಲ್ಲಿರುವ ೧೦೧ ಕಿಲೋಪಾಸ್ಕಲ್‌ಗಿಂತ ಕಡಮೆಯಾಗಿ, ಹೆಚ್ಚು ಕಡಮೆ ೯೦ ಕಿಲೋಪಾಸ್ಕಲ್ ಆಗಿರುತ್ತದೆ. ಟ್ಯಾಂಕು ೩೦ ಲೀಟರು ಹಿಡಿಯುವುದೆಂದೂ, ಅದರಲ್ಲಿ ೧೦ ಲೀಟರು ಪೆಟ್ರೋಲು ಇದೆಯೆಂದೂ ಇಟ್ಟುಕೊಳ್ಳೋಣ. ಮಿಕ್ಕ ೨೦ ಲೀಟರು ಜಾಗದಲ್ಲಿ ಗಾಳಿಯೂ ಪೆಟ್ರೋಲಿನ ಆವಿಯೂ ಬೆರೆತಿರುತ್ತವೆ. ಸುಮಾರು ೩೦ ಡಿಗ್ರಿ ಉಷ್ಣತೆಯಲ್ಲಿ ಒಟ್ಟು ಒತ್ತಡದ ಅರ್ಧ, ಎಂದರೆ ೪೫ ಕಿಲೋಪಾಸ್ಕಲ್, ಆವಿಯ ಪಾಲು. ಉಳಿದ ೪೫ ಗಾಳಿಯ ಪಾಲು ಎಂದು ಎಣಿಸಬಹುದು. ಪೆಟ್ರೋಲು ಇರುವವರೆಗೂ ಆವಿ ತನ್ನ ಪಾಲನ್ನು ತುಂಬಿಕೊಳ್ಳುತ್ತಲೇ ಇರುತ್ತದೆ. ಆದರೆ ಗಾಳಿ ಹೊಸದಾಗಿ ಬರುವಂತಿಲ್ಲ. ಅದು ಬಾಯ್ಲನ ನಿಯಮಕ್ಕೆ ತಲೆಬಾಗಿ ಹಿಗ್ಗಲೇಬೇಕು.

ಈ ಕಾರು ಹಾಸನದಿಂದ ಹೊಳೆನರಸೀಪುರಕ್ಕೆ, ಅಲ್ಲಿಂದ ಅರಕಲಗೂಡಿಗೆ, ಅಲ್ಲಿಂದ ಮರಳಿ ಹಾಸನಕ್ಕೆ ಹೋಗುವುದೆಂದು ಭಾವಿಸಿರಿ. ಒಂದೊಂದು ದಾರಿಯೂ ಸುಮಾರು ೩೦ ಕಿಲೋಮೀಟರು. ಲೀಟರಿಗೆ ೧೫ ಕಿಲೋಮೀಟರಿನಂತೆ ಒಂದೊಂದು ದಾರಿಗೂ ೨ ಲೀಟರು ಪೆಟ್ರೋಲು ಬೇಕು. ಎತ್ತರದ ಅಲ್ಪ ವ್ಯತ್ಯಾಸವನ್ನು ಬಿಟ್ಟರೆ, ಟ್ಯಾಂಕಿನ ಒಳಗಿನ ಸ್ಥಿತಿ ಹೀಗಾಗುವುದು:

ಹಾಸನ ಬಿಡುವಾಗ: ಗಾಳಿಯ ಜಾಗ ೨೦ ಲೀಟರು, ಒಟ್ಟು ಒತ್ತಡ ೯೦ ಕಿಲೋಪಾಸ್ಕಲ್, ಹೊರಗಿಗೂ ಒಳಗಿಗೂ ವ್ಯತ್ಯಾಸವಿಲ್ಲ.
ಹೊಳೆನರಸೀಪುರದಲ್ಲಿ: ಜಾಗ ೨೨ ಲೀಟರು, ಒತ್ತಡ ೮೫.೯, ವ್ಯತ್ಯಾಸ ೪.೧.
ಅರಕಲಗೂಡಿನಲ್ಲಿ: ಜಾಗ ೨೪ ಲೀಟರು, ಒತ್ತಡ ೮೨.೫, ವ್ಯತ್ಯಾಸ ೭.೫.
ಮರಳಿ ಹಾಸನದಲ್ಲಿ: ಜಾಗ ೨೬ ಲೀಟರು, ಒತ್ತಡ ೭೯.೬, ವ್ಯತ್ಯಾಸ ೧೦.೪.

ಸಂಖ್ಯೆಗಳು ಸಣ್ಣವೆಂದು ತೋರಬಹುದು. ಆದರೆ ಒತ್ತಡವನ್ನು ವಿಸ್ತೀರ್ಣದಿಂದ ಗುಣಿಸಿದಾಗಲೇ ಬಲ ದೊರೆಯುವುದೆಂಬುದನ್ನು ಮರೆಯಬಾರದು. ಟ್ಯಾಂಕಿನ ಮೇಲ್ಮುಖ ೬೦ ಸೆಂಟಿಮೀಟರು ಉದ್ದ, ೪೦ ಸೆಂಟಿಮೀಟರು ಅಗಲವಾಗಿದ್ದರೆ ಅದರ ವಿಸ್ತೀರ್ಣ ೦.೨೪ ಚದರ ಮೀಟರು. ಹೊಳೆನರಸೀಪುರ ಸೇರುವ ವೇಳೆಗೆ ಆ ತಗಡಿನ ಮೇಲೆ ಹೊರಗಿನ ಗಾಳಿ ೧೦೦ ಕಿಲೋಗ್ರಾಂ ತೂಕದಷ್ಟು ಬಲದಿಂದ ಒತ್ತುತ್ತಿರುತ್ತದೆ; ಅರಕಲಗೂಡಿನಲ್ಲಿ ಅದು ೧೮೦ ಆಗಿ, ಹಾಸನಕ್ಕೆ ಮರಳುವಾಗ ೨೫೦ ಕಿಲೋಗ್ರಾಂ ಆಗುತ್ತದೆ. ಮೂರು ನಾಲ್ಕು ಮಂದಿ ಹತ್ತಿ ನಿಂತಂತೆ! ತೆಳುವಾದ ತಗಡು ಒಳಕ್ಕೆ ಸೊಟ್ಟಗಾಗುವುದರಲ್ಲಿ ಆಶ್ಚರ್ಯವೇನಿದೆ? ಅಷ್ಟೇ ಅಲ್ಲ, ೧೦.೪ ಕಿಲೋಪಾಸ್ಕಲ್ ಎಂದರೆ ೧.೪ ಮೀಟರು ಎತ್ತರದ ಪೆಟ್ರೋಲು ಕಂಬದ ಒತ್ತಡ. ಟ್ಯಾಂಕನ್ನು ಇದ್ದ ಜಾಗದಿಂದ ಅಷ್ಟು ಆಳದ ಹಳ್ಳಕ್ಕೆ ಇಳಿಸಿದರೆ ಪಂಪಿಗೆ ಎಷ್ಟು ಕಷ್ಟವೋ ಈಗಲೂ ಅಷ್ಟೇ ಕಷ್ಟ. ಒಂದು ಹಂತದಲ್ಲಿ ಪೆಟ್ರೋಲು ಬರುವುದು ನಿಂತು ಎಂಜಿನು ಕೆಮ್ಮಿ ಆರಿಹೋಗುತ್ತದೆ. ಮುಚ್ಚಳ ತೆಗೆದಾಗ ‘ಸುಸ್ಸ್’ ಎಂದು ಗಾಳಿ ಒಳನುಗ್ಗಿ, ಕಾರು ಮತ್ತೆ ಹೊರಟರೆ, ದೋಷವಿರುವುದು ಎಂಜಿನಿನಲ್ಲಲ್ಲ, ಟ್ಯಾಂಕಿನ ಉಸಿರಿನಲ್ಲಿ ಎಂದು ತಿಳಿಯತಕ್ಕದ್ದು.

ಇದರ ಮಗ್ಗುಲೂ ಉಂಟು. ಬಿಸಿಲಿನಲ್ಲಿ ನಿಂತ ಕಾರಿನ ಟ್ಯಾಂಕಿನಲ್ಲಿ ಆವಿಯ ಒತ್ತಡ ಏರುತ್ತದೆ. ಒಳಕ್ಕೆ ಗಾಳಿ ಬರಲು ದಾರಿ ಬೇಕಾದಂತೆ ಹೊರಕ್ಕೆ ಆವಿ ಹೋಗಲೂ ದಾರಿ ಬೇಕು. ಆದುದರಿಂದ ಟ್ಯಾಂಕು ಬದಲಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಎಷ್ಟು ಲೀಟರು ಹಿಡಿಯುತ್ತದೆ?’ ಎಂಬುದಲ್ಲ, ‘ಇದು ಎಲ್ಲಿಂದ ಉಸಿರಾಡುತ್ತದೆ?’ ಎಂಬುದು.

೨. ಎಳೆಯುವ ಪಂಪು, ತಳ್ಳುವ ಪಂಪು

ಕಾರ್ಬುರೇಟರಿನ ಕಾಲದ ಮಾರುತಿ ೮೦೦ರಲ್ಲಿ ಪಂಪು ಎಂಜಿನಿಗೆ ಅಂಟಿಕೊಂಡಿರುತ್ತದೆ. ಎಂಜಿನು ತಿರುಗಿದಂತೆ ಅದರೊಳಗಿನ ಪೊರೆ ಮೇಲೆ ಕೆಳಗೆ ಆಡಿ, ಹಿಂದಿರುವ ಟ್ಯಾಂಕಿನಿಂದ ಪೆಟ್ರೋಲನ್ನು ಕೊಳವೆಯುದ್ದಕ್ಕೂ ಎಳೆದುಕೊಳ್ಳುತ್ತದೆ. ಇಂಧನ ಚಿಮ್ಮಿಸುವ ಮಾದರಿಯಲ್ಲಿ ವಿದ್ಯುತ್ತಿನಿಂದ ನಡೆಯುವ ಪಂಪು ಟ್ಯಾಂಕಿನ ಒಳಗೇ ಮುಳುಗಿರುತ್ತದೆ. ಅದು ಅಲ್ಲಿಂದ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಎಳೆಯುವುದಕ್ಕೂ ತಳ್ಳುವುದಕ್ಕೂ ಭೌತಶಾಸ್ತ್ರದಲ್ಲಿ ಅಜಗಜಾಂತರ.

ನಿಜಕ್ಕೂ ದ್ರವವನ್ನು ಯಾರೂ ‘ಎಳೆಯಲು’ ಸಾಧ್ಯವಿಲ್ಲ. ಪಂಪು ತನ್ನ ಕಡೆ ಒತ್ತಡವನ್ನು ಕಡಮೆಮಾಡುತ್ತದೆ. ಹೊರಗಿನ ವಾಯುಮಂಡಲವೇ ದ್ರವವನ್ನು ಆ ಕಡೆಗೆ ದೂಡುತ್ತದೆ. ಆದಕಾರಣ ಎಳೆಯುವುದಕ್ಕೆ ಒಂದು ಮಿತಿ ಇದೆ. ಹಾಸನದಲ್ಲಿ ದೊರೆಯುವುದು ೯೦ ಕಿಲೋಪಾಸ್ಕಲ್ ಮಾತ್ರ. ಕೊಳವೆಯ ಒತ್ತಡ ಪೆಟ್ರೋಲಿನ ಆವಿಯೊತ್ತಡಕ್ಕೆ, ಎಂದರೆ ೩೦ ಡಿಗ್ರಿಯಲ್ಲಿ ೪೫ ಕಿಲೋಪಾಸ್ಕಲ್‌ಗೆ ಇಳಿಯಿತೆಂದರೆ ಪೆಟ್ರೋಲು ಅಲ್ಲಿಯೇ ಕುದಿಯತೊಡಗುತ್ತದೆ. ಮಿಕ್ಕ ೪೫ ಕಿಲೋಪಾಸ್ಕಲ್‌ನಿಂದ ಪೆಟ್ರೋಲನ್ನು ಸುಮಾರು ೬ ಮೀಟರಿಗಿಂತ ಮೇಲಕ್ಕೆ ಎತ್ತುವುದು ಎಂಥ ಪಂಪಿಗೂ ಸಾಧ್ಯವಾಗದು.

ತಳ್ಳುವುದಕ್ಕೆ ಇಂಥ ಮಿತಿ ಇಲ್ಲ. ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಭವ್ಯವಾದ ಉದಾಹರಣೆಯಿದೆ. ೨೦೦೩ರಿಂದ ಮಂಗಳೂರಿನ ಪೆಟ್ರೋಲು, ಡೀಸೆಲುಗಳು ಹಾಸನದ ಮಾರ್ಗವಾಗಿ ಬೆಂಗಳೂರಿನ ಕಡೆಗೆ ಸುಮಾರು ೩೬೦ ಕಿಲೋಮೀಟರು ಉದ್ದದ ಕೊಳವೆಯಲ್ಲಿ ಹರಿದುಬರುತ್ತಿವೆ. ಕಡಲ ತೀರದಿಂದ ಹಾಸನದ ೯೫೦ ಮೀಟರು ಎತ್ತರಕ್ಕೆ ಪೆಟ್ರೋಲನ್ನು ಏರಿಸಲು, ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ವಾಯುಮಂಡಲದ ಒತ್ತಡದ ಸುಮಾರು ೬೮ ಪಟ್ಟು ಒತ್ತಡ ಬೇಕು. ಹಾಸನದಲ್ಲಿ ಕುಳಿತು ಎಳೆಯುವವನಿಗೆ ೬ ಮೀಟರಿನ ಗಡಿ. ಕೆಳಗಿನಿಂದ ತಳ್ಳುವವನಿಗೆ ಪಶ್ಚಿಮ ಘಟ್ಟವೂ ಅಡ್ಡಿಯಲ್ಲ.

ಕಾರಿನಲ್ಲಿ ಈ ಭೇದ ಪ್ರಕಟವಾಗುವುದು ಬೇಸಗೆಯಲ್ಲಿ, ಎಂಜಿನು ಕಾದಾಗ. ಎಂಜಿನಿನ ಬಳಿ ಕೊಳವೆಯ ಉಷ್ಣತೆ ೫೦ ಡಿಗ್ರಿಯ ಆಸುಪಾಸಿಗೆ ಏರಿದರೆ ಪೆಟ್ರೋಲಿನ ಆವಿಯೊತ್ತಡ ಹಾಸನದ ವಾಯುಮಂಡಲದ ಒತ್ತಡಕ್ಕೆ ಹತ್ತಿರ ಬರುತ್ತದೆ. ಎಳೆಯುವ ಪಂಪು ಆ ಒತ್ತಡವನ್ನು ಇನ್ನಷ್ಟು ತಗ್ಗಿಸುವುದರಿಂದ ಕೊಳವೆಯಲ್ಲಿ ಗುಳ್ಳೆಗಳೆದ್ದು, ಪಂಪು ದ್ರವವನ್ನು ಬಿಟ್ಟು ಆವಿಯನ್ನೇ ಹಿಂಡುತ್ತ ಕೂರುತ್ತದೆ. ಶಿರಾಡಿ ಘಟ್ಟವನ್ನು ಹತ್ತಿ ಬಂದ ಹಳೆಯ ಕಾರುಗಳು ಮೇಲೆ ಬಂದು ನಿಂತುಬಿಡುವುದೂ, ಚಾಲಕ ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹಾಕಿ ಕಾಯುವುದೂ ಇದರಿಂದಲೇ. ಟ್ಯಾಂಕಿನೊಳಗಿನಿಂದ ತಳ್ಳುವ ಪಂಪಿದ್ದರೆ ಕೊಳವೆಯುದ್ದಕ್ಕೂ ಒತ್ತಡ ಹೆಚ್ಚಾಗಿಯೇ ಇರುವುದರಿಂದ ಪೆಟ್ರೋಲು ಅಷ್ಟು ಸುಲಭವಾಗಿ ಕುದಿಯದು.

‘ಹಾಗಾದರೆ ಒಳ್ಳೆಯದೇ ಆಯಿತು, ಈಚಿನ ಟ್ಯಾಂಕನ್ನು ಅದರ ಪಂಪಿನೊಡನೆ ಹಳೆಯ ಕಾರಿಗೆ ಹಾಕೋಣ’ ಎನ್ನುವ ಅವಸರ ಸಲ್ಲದು. ಇಂಧನ ಚಿಮ್ಮಿಸುವ ಏರ್ಪಾಡಿನ ಪಂಪು ಸುಮಾರು ೩೦೦ ಕಿಲೋಪಾಸ್ಕಲ್ ಒತ್ತಡವನ್ನು ಕೊಡುತ್ತದೆ. ಕಾರ್ಬುರೇಟರಿಗೆ ಬೇಕಾದುದು ಸುಮಾರು ೨೫ ಮಾತ್ರ. ಕಾರ್ಬುರೇಟರಿನ ಬಟ್ಟಲಲ್ಲಿ ಪೆಟ್ರೋಲು ತುಂಬಿದಾಗ ಒಂದು ತೇಲುಗುಂಡು ಮೇಲೆದ್ದು, ಸೂಜಿಯಂಥ ಕವಾಟವನ್ನು ಒತ್ತಿ ದಾರಿಯನ್ನು ಮುಚ್ಚುತ್ತದೆ. ಆರ್ಕಿಮಿಡೀಸನ ತತ್ತ್ವದಂತೆ ಆ ಗುಂಡಿಗೆ ದೊರೆಯುವ ಮೇಲೊತ್ತು, ಅದು ಸರಿಸಿದ ಪೆಟ್ರೋಲಿನ ತೂಕವನ್ನು ಮೀರಲಾರದು. ಎದುರಿನಿಂದ ಹನ್ನೆರಡು ಪಟ್ಟು ಬಲ ಬಂದಾಗ ಆ ಬಡ ತೇಲುಗುಂಡು ಏನು ತಾನೆ ಮಾಡೀತು? ಕವಾಟ ತೆರೆದೇ ಉಳಿದು ಪೆಟ್ರೋಲು ಉಕ್ಕಿ, ಕಾದ ಎಂಜಿನಿನ ಮೇಲೆ ಹರಿಯುತ್ತದೆ. ಬೆಂಕಿಗೆ ಇದಕ್ಕಿಂತ ಆಹ್ವಾನ ಬೇಕಿಲ್ಲ. ತಿರುಗುಮುರುಗಾಗಿ ಕಾರ್ಬುರೇಟರು ಕಾಲದ ಟ್ಯಾಂಕನ್ನು ಈಚಿನ ಕಾರಿಗೆ ಹಾಕಿದರೆ ಅದರಲ್ಲಿ ಪಂಪು ಇಳಿಸುವ ಬಾಯಿಯೇ ಇರುವುದಿಲ್ಲ, ಎಂಜಿನು ಹಸಿದಿರಬೇಕಾಗುತ್ತದೆ. ಆದುದರಿಂದ ಟ್ಯಾಂಕನ್ನು ಕಾರಿನ ಹೆಸರಿನಿಂದಲ್ಲ, ಎಂಜಿನಿಗೆ ಇಂಧನ ಸೇರುವ ಕ್ರಮದಿಂದ ಆರಿಸತಕ್ಕದ್ದು.

ಪೆಟ್ರೋಲು ಎಂಜಿನು ತೆಗೆದು ಡೀಸೆಲು ಎಂಜಿನು ಕೂರಿಸಿದ ಗಾಡಿಗಳಲ್ಲಿ ಇನ್ನೊಂದು ಅಂಶ ಸೇರುತ್ತದೆ. ಅಂಬಾಸಿಡರಿನಲ್ಲಿ ಎರಡು ಬಗೆಯ ಎಂಜಿನುಗಳೂ ಇದ್ದುವಷ್ಟೆ. ಡೀಸೆಲು ಎಂಜಿನಿನಲ್ಲಿ ಚಿಮ್ಮಿ ಮಿಕ್ಕ ಎಣ್ಣೆ ಹಿಂದಿರುಗಲು ಒಂದು ದಾರಿ ಬೇಕು. ಆ ಮರಳುಕೊಳವೆ ಸೇರುವ ತೂತು ಹೊಸ ಟ್ಯಾಂಕಿನಲ್ಲಿದೆಯೇ ಎಂದು ನೋಡದೆ ಮುಂದುವರಿಯಬಾರದು.

೩. ಮುಳ್ಳು ಹೇಳುವ ಸುಳ್ಳು

ಚಾಲಕನ ಮುಂದಿರುವ ಪೆಟ್ರೋಲು ಮುಳ್ಳು ಲೀಟರನ್ನು ಅಳೆಯುತ್ತದೆಂದು ನಾವು ನಂಬಿದ್ದೇವೆ. ಅದು ಅಳೆಯುವುದು ಲೀಟರನ್ನಲ್ಲ, ಎತ್ತರವನ್ನು. ಟ್ಯಾಂಕಿನೊಳಗೆ ಒಂದು ಸಲಾಕೆಯ ತುದಿಯಲ್ಲಿ ತೇಲುಗುಂಡಿರುತ್ತದೆ. ಗುಂಡು ಏರಿಳಿದಂತೆ ವಿದ್ಯುತ್ ರೋಧ ಬದಲಾಗಿ, ಮುಳ್ಳು ಚಲಿಸುತ್ತದೆ. ಎತ್ತರದಿಂದ ಗಾತ್ರವನ್ನು ತಿಳಿಯಬೇಕಾದರೆ ಪಾತ್ರೆಯ ಆಕಾರ ಗೊತ್ತಿರಬೇಕು.

ಆಯತಾಕಾರದ ಟ್ಯಾಂಕಿನಲ್ಲಿ ಅರ್ಧ ಎತ್ತರವೆಂದರೆ ಅರ್ಧ ಗಾತ್ರ. ಆದರೆ ಹೊಸದಾಗಿ ಕೂರಿಸಿದ ಟ್ಯಾಂಕು ಕೆಳಕ್ಕೆ ಚೂಪಾದ ತ್ರಿಕೋನಾಕಾರವಾಗಿದ್ದರೆ, ಗಾತ್ರ ಎತ್ತರದ ವರ್ಗದಂತೆ ಬೆಳೆಯುತ್ತದೆ. ಅರ್ಧ ಎತ್ತರದಲ್ಲಿ ಇರುವುದು ಕಾಲು ಭಾಗ ಮಾತ್ರ. ೩೦ ಲೀಟರಿನ ಟ್ಯಾಂಕಿನಲ್ಲಿ ಮುಳ್ಳು ‘ಅರ್ಧ’ ಎಂದು ತೋರಿಸುವಾಗ ೧೫ ಲೀಟರಿಗೆ ಬದಲಾಗಿ ಏಳೂವರೆ ಲೀಟರು ಇರುತ್ತದೆ.

ಇದರ ಫಲವನ್ನು ನೋಡಿರಿ. ಒಬ್ಬರು ಚನ್ನರಾಯಪಟ್ಟಣದಿಂದ ಮಂಗಳೂರಿಗೆ ಹೊರಡುತ್ತಾರೆ. ದೂರ ಸುಮಾರು ೨೧೦ ಕಿಲೋಮೀಟರು. ಮುಳ್ಳು ಅರ್ಧದಲ್ಲಿದೆ; ೧೫ ಲೀಟರಿಗೆ ೨೨೫ ಕಿಲೋಮೀಟರು; ಸಾಕೆಂದು ಧೈರ್ಯ. ಆದರೆ ನಿಜವಾಗಿ ಇರುವ ಏಳೂವರೆ ಲೀಟರು ಅವರನ್ನು ೧೧೨ ಕಿಲೋಮೀಟರಿನವರೆಗೆ ಒಯ್ಯಬಲ್ಲುದು. ಹಾಸನ ಕಳೆಯಿತು, ಸಕಲೇಶಪುರ ಕಳೆಯಿತು. ಕಾರು ನಿಲ್ಲುವುದು ಶಿರಾಡಿ ಘಟ್ಟದ ನಡುವೆ, ಎಡಕ್ಕೂ ಬಲಕ್ಕೂ ಕಾಡು, ಹಿಂದೆ ಮುಂದೆ ಲಾರಿಗಳು ಇರುವಲ್ಲಿ.

ಮುಳ್ಳಿಗೆ ಇನ್ನೊಂದು ಬಗೆಯ ಭ್ರಮೆಯೂ ಉಂಟು. ಲೆಕ್ಕಕ್ಕಾಗಿ ಬ್ಯಾಟರಿ ೧೨ ವೋಲ್ಟು, ಮುಳ್ಳಿನ ಸಾಧನದ ರೋಧ ೫೦ ಓಮು, ತೇಲುಗುಂಡಿನ ರೋಧ ಟ್ಯಾಂಕು ತುಂಬಿದಾಗ ೧೦ ಓಮು, ಅರ್ಧವಾದಾಗ ೬೦ ಓಮು, ಬರಿದಾದಾಗ ೧೧೦ ಓಮು ಎಂದಿಟ್ಟುಕೊಳ್ಳೋಣ. ಓಮನ ನಿಯಮದಂತೆ ತುಂಬಿದಾಗ ಪ್ರವಾಹ ೦.೨ ಆಂಪೇರು, ಅರ್ಧವಾದಾಗ ೦.೧೧, ಬರಿದಾದಾಗ ೦.೦೭೫. ಈ ಪ್ರವಾಹ ಬ್ಯಾಟರಿಗೆ ಹಿಂದಿರುಗುವುದು ಟ್ಯಾಂಕಿನ ಲೋಹ ಮತ್ತು ಕಾರಿನ ಮೈ ಮೂಲಕ. ಹೊಸ ಟ್ಯಾಂಕನ್ನು ರಬ್ಬರಿನ ಮೇಲೆ ಕೂರಿಸಿದ್ದರಿಂದಲೋ, ತುಕ್ಕಿನಿಂದಲೋ ಆ ದಾರಿಯಲ್ಲಿ ೫೦ ಓಮು ಸೇರಿಕೊಂಡರೆ, ತುಂಬಿದ ಟ್ಯಾಂಕೂ ‘ಅರ್ಧ’ವೆಂದೇ ತೋರುತ್ತದೆ. ಕೆಲವು ಕಾರುಗಳಲ್ಲಿ ರೋಧದ ಕ್ರಮವೇ ತಿರುಗುಮುರುಗು. ಅಂಥದನ್ನು ತಂದು ಹಾಕಿದರೆ ತುಂಬಿದ್ದು ಬರಿದೆಂದೂ ಬರಿದಾದದ್ದು ತುಂಬಿದೆಯೆಂದೂ ಕಾಣುತ್ತದೆ.

ಪರಿಹಾರ ಸುಲಭ. ಟ್ಯಾಂಕಿನಿಂದ ಕಾರಿನ ಮೈಗೆ ಒಂದು ತಂತಿಯನ್ನು ಭದ್ರವಾಗಿ ಜೋಡಿಸಬೇಕು. ಬಳಿಕ ಕಾರು ಸಮತಟ್ಟಾದ ನೆಲದಲ್ಲಿ ನಿಂತಿರುವಾಗ, ಪೆಟ್ರೋಲು ಬಂಕಿನಲ್ಲಿ ೫ ೫ ಲೀಟರಿನಂತೆ ತುಂಬಿಸುತ್ತ ಮುಳ್ಳು ಎಲ್ಲಿ ನಿಲ್ಲುವುದೆಂದು ಬರೆದಿಟ್ಟುಕೊಳ್ಳಬೇಕು. ಒಂದು ನಕ್ಷೆ ಎಳೆದರೆ ಆ ಟ್ಯಾಂಕಿನ ಸ್ವಭಾವ ಕಣ್ಣಿಗೆ ಕಟ್ಟುತ್ತದೆ.

೪. ತುಂಬಿದ ಕೊಡ ತುಳುಕುವುದಿಲ್ಲ

ಈ ಗಾದೆ ಪೆಟ್ರೋಲು ಟ್ಯಾಂಕಿಗೂ ಅನ್ವಯಿಸುತ್ತದೆ. ಅರೆ ತುಂಬಿದ ಟ್ಯಾಂಕು ತುಳುಕುತ್ತದೆ. ಕಾರು ಬಲವಾಗಿ ಬ್ರೇಕು ಹಾಕಿದಾಗ ಒಳಗಿನ ಪೆಟ್ರೋಲಿನ ಮೇಲ್ಮೈ ಓರೆಯಾಗುತ್ತದೆ. ಆ ಓರೆಯ ಕೋನದ ಸ್ಪರ್ಶಕವು, ಕಾರಿನ ವೇಗೋತ್ಕರ್ಷವನ್ನು ಗುರುತ್ವದ ವೇಗೋತ್ಕರ್ಷದಿಂದ ಭಾಗಿಸಿದರೆ ಬರುವಷ್ಟಿರುತ್ತದೆ. ಗುರುತ್ವದ ಅರ್ಧದಷ್ಟು ಬಲವಾಗಿ ಬ್ರೇಕು ಬಿದ್ದರೆ ಕೋನ ಸುಮಾರು ೨೭ ಡಿಗ್ರಿ. ೫೦ ಸೆಂಟಿಮೀಟರು ಉದ್ದದ ಟ್ಯಾಂಕಿನಲ್ಲಿ ಮುಂಗೊನೆಯ ಮಟ್ಟಕ್ಕೂ ಹಿಂಗೊನೆಯ ಮಟ್ಟಕ್ಕೂ ೨೫ ಸೆಂಟಿಮೀಟರು ವ್ಯತ್ಯಾಸ ಬೀಳಬೇಕು. ಟ್ಯಾಂಕಿನ ಆಳವೇ ಅಷ್ಟಿಲ್ಲದಿದ್ದರೆ, ಪೆಟ್ರೋಲೆಲ್ಲ ಮುಂದಕ್ಕೆ ಹೋಗಿ ಹಿಂಭಾಗ ಒಣಗುತ್ತದೆ. ಹೀರುವ ಕೊಳವೆಯ ಬಾಯಿ ಹಿಂದಿದ್ದರೆ ಅದು ಗಾಳಿಯನ್ನು ಹೀರುತ್ತದೆ.

ಇದನ್ನು ತಡೆಯಲು ತಯಾರಕರು ಟ್ಯಾಂಕಿನೊಳಗೆ ತೂತುಳ್ಳ ಅಡ್ಡತಗಡುಗಳನ್ನು ಇಟ್ಟು, ಕೊಳವೆಯ ಬಾಯಿ ಎಂದಿಗೂ ಒಣಗದ ತಗ್ಗಿನಲ್ಲಿರುವಂತೆ ಮಾಡಿರುತ್ತಾರೆ. ಒಂದು ಮಾದರಿಯಲ್ಲಿ ಉದ್ದುದ್ದವಾಗಿ ಇರಬೇಕಾದ ಟ್ಯಾಂಕನ್ನು ಇನ್ನೊಂದರಲ್ಲಿ ಅಡ್ಡಲಾಗಿ ಕೂರಿಸಿದರೆ ಅಡ್ಡತಗಡುಗಳು ಬೇಕಾದ ದಿಕ್ಕಿಗೆ ಇರುವುದಿಲ್ಲ. ತಗ್ಗು ಇರಬೇಕಾದ ಕಡೆ ಇರುವುದಿಲ್ಲ.

ತೂಕದ ವಿಷಯವನ್ನು ಒಂದೇ ಮಾತಿನಲ್ಲಿ ಹೇಳಬಹುದು. ಪೆಟ್ರೋಲಿನ ಸಾಂದ್ರತೆ ಲೀಟರಿಗೆ ಸುಮಾರು ೦.೭೪ ಕಿಲೋಗ್ರಾಂ. ೩೦ ಲೀಟರೆಂದರೆ ೨೨ ಕಿಲೋಗ್ರಾಂ. ಅಂಬಾಸಿಡರಿನ ೫೪ ಲೀಟರೆಂದರೆ ೪೦ ಕಿಲೋಗ್ರಾಂ. ಚಿಕ್ಕ ಕಾರಿನ ಹಿಂಚಕ್ರದ ಅಚ್ಚಿನಿಂದಾಚೆಗೆ ದೊಡ್ಡ ಟ್ಯಾಂಕನ್ನು ತೂಗಹಾಕಿದರೆ, ಸನ್ನೆಯ ನಿಯಮದಂತೆ ಮುಂಚಕ್ರಗಳ ಮೇಲಿನ ಭಾರ ತಗ್ಗುತ್ತದೆ. ಇದಕ್ಕಿಂತ ಮುಖ್ಯವಾಗಿ, ಹಿಂದಿನಿಂದ ಗಾಡಿ ಬಂದು ತಾಗಿದರೆ ಮೊದಲು ಜಜ್ಜಿಹೋಗುವ ಜಾಗದಲ್ಲಿ ಟ್ಯಾಂಕು ಇರಕೂಡದು.

೫. ಲೋಹ, ರಬ್ಬರು, ಎಥನಾಲು

ಹಳೆಯ ಟ್ಯಾಂಕುಗಳನ್ನು ಉಕ್ಕಿನ ತಗಡಿನಿಂದ ಮಾಡಿ, ತುಕ್ಕು ಹಿಡಿಯದಿರಲೆಂದು ಸೀಸ-ತವರಗಳ ಲೇಪ ಕೊಡುತ್ತಿದ್ದುದುಂಟು. ಅವು ಅಂದಿನ ಪೆಟ್ರೋಲಿಗೆ ತಕ್ಕವಾಗಿದ್ದುವು. ಇಂದಿನ ಪೆಟ್ರೋಲು ಬೇರೆ. ೨೦೨೫ರ ವೇಳೆಗೆ ನಮ್ಮ ದೇಶದಲ್ಲಿ ಪೆಟ್ರೋಲಿಗೆ ನೂರಕ್ಕೆ ೨೦ರಷ್ಟು ಎಥನಾಲು ಬೆರೆಸುವ ಗುರಿ ಕೈಗೂಡಿತು. ಎಥನಾಲು ನೀರಿನೊಡನೆ ಸುಲಭವಾಗಿ ಬೆರೆಯುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿಗೆ ನೀರು ಸೇರಿ, ಅದು ಮಿತಿ ಮೀರಿದರೆ, ನೀರೂ ಎಥನಾಲೂ ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಹೀರುವ ಕೊಳವೆಯ ಬಾಯಿ ಇರುವುದೂ ತಳದಲ್ಲಿಯೇ! ಎಂಜಿನಿಗೆ ಮೊದಲು ಹೋಗುವುದು ಆ ನೀರುಮಿಶ್ರಣ. ತುಕ್ಕು ಹಿಡಿಯುವುದೂ ಮೊದಲು ತಳಕ್ಕೇ.

ಹಳೆಯ ರಬ್ಬರು ಕೊಳವೆಗಳು, ಬಿರಡೆಗಳು ಎಥನಾಲಿಗೆ ಸಿಕ್ಕಿ ಉಬ್ಬಿ ಬಿರಿಯಬಹುದು. ಆದುದರಿಂದ ಟ್ಯಾಂಕು ಬದಲಿಸುವಾಗ ಹಳೆಯ ಕೊಳವೆಯನ್ನೇ ಮತ್ತೆ ಸಿಕ್ಕಿಸುವುದು ಮಿತವ್ಯಯವಲ್ಲ. ಇನ್ನೊಂದು ಲೆಕ್ಕ: ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು ೩೨ ಮೆಗಾಜೂಲು ಶಾಖವಿದ್ದರೆ ಒಂದು ಲೀಟರು ಎಥನಾಲಿನಲ್ಲಿರುವುದು ೨೧. ಮಿಶ್ರಣದಲ್ಲಿ ಲೀಟರಿಗೆ ಸುಮಾರು ೨೯.೮, ಎಂದರೆ ನೂರಕ್ಕೆ ೭ರಷ್ಟು ಕಡಮೆ. ಅದೇ ಟ್ಯಾಂಕು ಮೊದಲಿಗಿಂತ ತುಸು ಕಡಮೆ ದೂರ ಕೊಂಡೊಯ್ದರೆ ಟ್ಯಾಂಕನ್ನು ದೂರಬೇಕಾಗಿಲ್ಲ.

೬. ಬರಿದಾದ ಟ್ಯಾಂಕೇ ಭಯಂಕರ

ಇಲ್ಲಿಯವರೆಗೆ ಹೇಳಿದ ತಪ್ಪುಗಳಿಂದ ಕಾರು ನಿಲ್ಲಬಹುದು, ಕೆಡಬಹುದು. ಇನ್ನು ಹೇಳುವುದರಲ್ಲಿ ಪ್ರಾಣದ ಪ್ರಶ್ನೆಯಿದೆ. ಗುಜರಿಯಿಂದ ತಂದ ಟ್ಯಾಂಕಿನ ಕಾಲು ಕೂಡಿಬರದಿದ್ದಾಗ, ಅಥವಾ ಹಳೆಯದರಲ್ಲಿ ತೂತು ಬಿದ್ದಾಗ, ‘ಪೆಟ್ರೋಲು ಖಾಲಿ ಮಾಡಿಯಾಯಿತು, ವೆಲ್ಡಿಂಗ್ ಮಾಡೋಣ’ ಎನ್ನುವವರುಂಟು. ಇದಕ್ಕಿಂತ ಘೋರವಾದ ಅಜ್ಞಾನ ಬೇರಿಲ್ಲ.

ಪೆಟ್ರೋಲು ದ್ರವವಾಗಿ ಉರಿಯುವುದಿಲ್ಲ. ಅದರ ಆವಿ ಗಾಳಿಯೊಡನೆ ಬೆರೆತು ಉರಿಯುತ್ತದೆ. ಗಾಳಿಯಲ್ಲಿ ಆವಿಯ ಗಾತ್ರ ನೂರಕ್ಕೆ ಸುಮಾರು ೧.೪ರಿಂದ ೭.೬ರ ವರೆಗೆ ಇದ್ದಾಗ ಮಾತ್ರ ಕಿಡಿ ತಾಗಿದರೆ ಸ್ಫೋಟವಾಗುತ್ತದೆ. ಪೆಟ್ರೋಲು ಇರುವ ಟ್ಯಾಂಕಿನಲ್ಲಿ ಆವಿ ನೂರಕ್ಕೆ ೫೦ರಷ್ಟಿರುವುದೆಂದು ಮೇಲೆ ಎಣಿಸಿದೆವಷ್ಟೆ. ಅದು ಮಿತಿಯನ್ನು ಬಹುವಾಗಿ ಮೀರಿರುವುದರಿಂದ ಒಳಗೆ ಉರಿಯಲು ಸಾಕಷ್ಟು ಗಾಳಿಯೇ ಇರುವುದಿಲ್ಲ. ಟ್ಯಾಂಕನ್ನು ಬ್ರಹ್ಮಾನಂದವಾಗಿ ಬರಿದುಮಾಡಿ ಬಾಯಿ ತೆರೆದಿಟ್ಟಾಗ ಗಾಳಿ ಒಳಸೇರಿ, ಆವಿ ತೆಳುವಾಗುತ್ತ ಸರಿಯಾಗಿ ಆ ಅಪಾಯದ ಮಿತಿಯೊಳಕ್ಕೆ ಇಳಿಯುತ್ತದೆ.

ಎಷ್ಟು ಪೆಟ್ರೋಲು ಸಾಕು? ೩೦ ಲೀಟರಿನ ಟ್ಯಾಂಕಿನಲ್ಲಿ ನೂರಕ್ಕೆ ೨ರಷ್ಟು ಎಂದರೆ ೦.೬ ಲೀಟರು ಆವಿ. ಅಷ್ಟು ಆವಿಯನ್ನು ಕೊಡಲು ಎರಡು ಮೂರು ಮಿಲಿಲೀಟರು ಪೆಟ್ರೋಲು, ಎಂದರೆ ಅರ್ಧ ಚಮಚದಷ್ಟು ಸಾಕು. ತಗಡುಗಳ ಮಡಿಕೆಯಲ್ಲಿ, ಅಡ್ಡತಗಡಿನ ಮೂಲೆಯಲ್ಲಿ, ತುಕ್ಕಿನ ಪದರದಲ್ಲಿ ಅಷ್ಟು ಅಡಗಿರುವುದು ಕಷ್ಟವಲ್ಲ. ಕಣ್ಣಿಗೆ ಒಣಗಿದಂತೆ ಕಂಡದ್ದು ಉರಿಗೆ ಒಣಗಿರುವುದಿಲ್ಲ. ಅಲ್ಲದೆ ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದರಿಂದ ಮೇಲಕ್ಕೆ ಹಾರಿಹೋಗದೆ ನೆಲದ ಮೇಲೆ ಹರಿದು, ಗ್ಯಾರೇಜಿನ ಗುಂಡಿಯಲ್ಲಿ ಶೇಖರವಾಗುತ್ತದೆ. ದೂರದ ಕಿಡಿಯೂ ಅದನ್ನು ಮುಟ್ಟಬಹುದು.

ಆದುದರಿಂದ ಪೆಟ್ರೋಲು ಕಂಡ ಟ್ಯಾಂಕಿಗೆ ಬೆಂಕಿ, ಬೆಸುಗೆ, ಕಿಡಿ ಹಾರಿಸುವ ಅರದ ಯಂತ್ರ ಯಾವುದನ್ನೂ ತಾಗಿಸಕೂಡದು. ಆವಿಯನ್ನು ಸಂಪೂರ್ಣವಾಗಿ ಹೊರದೂಡಿ, ಸಾಧನದಿಂದ ಅಳೆದು ನೋಡಿ ಕೆಲಸ ಮಾಡುವ ಕ್ರಮ ತಜ್ಞರಿಗೆ ಗೊತ್ತು. ಅದು ಬೀದಿಬದಿಯ ಕೆಲಸವಲ್ಲ. ಟ್ಯಾಂಕನ್ನು ಇಳಿಸುವಾಗ ಬ್ಯಾಟರಿಯ ತಂತಿಯನ್ನು ಬಿಚ್ಚುವುದು, ಬಯಲಿನಲ್ಲಿ ಕೆಲಸ ಮಾಡುವುದು, ಗುಂಡಿಯ ಮೇಲೆ ಮಾಡದಿರುವುದು — ಇವು ಎಲ್ಲರೂ ಪಾಲಿಸಬಹುದಾದ ಎಚ್ಚರಿಕೆಗಳು.

೭. ಆಯ್ಕೆಯ ಕ್ರಮ

ಮೇಲಿನದೆಲ್ಲವನ್ನು ಸಂಗ್ರಹಿಸಿದರೆ, ಬೇರೆ ಮಾದರಿಯ ಟ್ಯಾಂಕನ್ನು ಕೈಗೆತ್ತಿಕೊಂಡವರು ಈ ಕ್ರಮದಲ್ಲಿ ವಿಚಾರಿಸಬೇಕು: ಎಂಜಿನಿಗೆ ಇಂಧನ ಸೇರುವ ಕ್ರಮ ಎರಡರಲ್ಲಿಯೂ ಒಂದೆಯೇ? ಗಾಳಿಯ ದಾರಿ ಎಲ್ಲಿದೆ? ಮರಳುಕೊಳವೆಗೆ ಬಾಯಿ ಇದೆಯೇ? ತೇಲುಗುಂಡಿನ ರೋಧ ಹಳೆಯ ಮುಳ್ಳಿಗೆ ಹೊಂದುತ್ತದೆಯೇ? ಟ್ಯಾಂಕು ತನ್ನ ಮೂಲ ಗಾಡಿಯಲ್ಲಿದ್ದ ದಿಕ್ಕಿನಲ್ಲಿಯೇ ಕೂರುತ್ತದೆಯೇ? ಒಳಗೆ ತುಕ್ಕಿಲ್ಲವೇ? ಕೊನೆಯದಾಗಿ, ಕತ್ತರಿಸದೆ, ಬೆಸೆಯದೆ ಬೋಲ್ಟುಗಳು ಕೂಡಿಬರುತ್ತವೆಯೇ? ನಾವು ವಾಡಿಕೆಯಲ್ಲಿ ಮೊದಲು ಕೇಳುವ ಪ್ರಶ್ನೆ ಇಲ್ಲಿ ಕೊನೆಗೆ ಬಂದಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ, ತಡವಾದರೂ ಚಿಂತೆಯಿಲ್ಲವೆಂದು, ಅದೇ ಮಾದರಿಯ ಟ್ಯಾಂಕನ್ನೇ ಹುಡುಕುವುದು ಲೇಸು. ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸುವುದಕ್ಕೆ ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮಿನಲ್ಲಿ ನಿರ್ಬಂಧವಿದೆ ಎಂಬುದನ್ನೂ ನೆನಪಿಡತಕ್ಕದ್ದು.

ಅಭ್ಯಾಸಕ್ಕಾಗಿ

(೧) ಗಾಳಿಯ ದಾರಿ ಮುಚ್ಚಿದ ೩೦ ಲೀಟರಿನ ಟ್ಯಾಂಕಿನಲ್ಲಿ ಮೊದಲಿಗೆ ೨೫ ಲೀಟರು ಪೆಟ್ರೋಲಿದೆ. ಅದರಿಂದ ೨ ಲೀಟರು ಹೊರಹೋದಾಗ ಒತ್ತಡದ ವ್ಯತ್ಯಾಸವೆಷ್ಟು? ೧೦ ಲೀಟರು ಇದ್ದಾಗಿನದಕ್ಕಿಂತ ಇದು ಹೆಚ್ಚಾಗಲು ಕಾರಣವೇನು?

(೨) ಮೇಲೆ ಅಗಲವಾಗಿ ಕೆಳಗೆ ಚೂಪಾದ ಶಂಕುವಿನಾಕಾರದ ಟ್ಯಾಂಕೊಂದರಲ್ಲಿ ಅರ್ಧ ಎತ್ತರದವರೆಗೆ ಪೆಟ್ರೋಲಿದ್ದರೆ, ಗಾತ್ರದಲ್ಲಿ ಅದು ಎಷ್ಟನೆಯ ಒಂದು ಪಾಲು?

(೩) ಮಂಗಳೂರಿನಲ್ಲಿ ಆವಿಯಿಂದ ತೊಂದರೆ ಕೊಡದ ಕಾರು, ಅದೇ ಉಷ್ಣತೆಯಲ್ಲಿ ಹಾಸನದಲ್ಲಿ ತೊಂದರೆ ಕೊಡಬಹುದು. ಏಕೆ?

ಉತ್ತರಗಳು: (೧) ಗಾಳಿಯ ಜಾಗ ೫ರಿಂದ ೭ ಲೀಟರಿಗೆ ಹಿಗ್ಗುವುದರಿಂದ ಗಾಳಿಯ ಪಾಲು ೪೫ರಿಂದ ೩೨.೧ಕ್ಕೆ ಇಳಿಯುತ್ತದೆ, ವ್ಯತ್ಯಾಸ ಸುಮಾರು ೧೨.೯ ಕಿಲೋಪಾಸ್ಕಲ್. ಮೊದಲಿದ್ದ ಗಾಳಿ ಕಡಮೆಯಾದಷ್ಟೂ ಅದೇ ೨ ಲೀಟರು ಅದನ್ನು ಹೆಚ್ಚು ಪ್ರಮಾಣದಲ್ಲಿ ಹಿಗ್ಗಿಸುತ್ತದೆ. ತುಂಬಿದ ಟ್ಯಾಂಕಿನೊಡನೆ ಹೊರಟ ಕಾರು ಬೇಗ ನಿಲ್ಲುವುದು ಇದರಿಂದಲೇ. (೨) ಎಂಟನೆಯ ಒಂದು ಪಾಲು. (೩) ಹಾಸನದಲ್ಲಿ ವಾಯುಮಂಡಲದ ಒತ್ತಡ ಕಡಮೆಯಾದುದರಿಂದ ಪೆಟ್ರೋಲು ಅಲ್ಲಿ ಇನ್ನೂ ಕಡಮೆ ಉಷ್ಣತೆಯಲ್ಲಿಯೇ ಕುದಿಯತೊಡಗುತ್ತದೆ.